ಸಂಕಲ್ಪವಿಲ್ಲದ ಉಪವಾಸ

ವ್ರತೋಪವಾಸಗಳನ್ನು ಕುರಿತು ಬರೆಯುವಾಗ ನಾವು ಆತ್ಮದ ವಿಷಯವನ್ನು ವಿಸ್ತಾರವಾಗಿ ಹೇಳುತ್ತೇವೆ, ದೇಹದ ವಿಷಯವನ್ನು ಸಂಕೋಚದಿಂದ ಹೇಳುತ್ತೇವೆ, ದೇಹದೊಳಗಿನ ಒಂದು ಅವಯವದ ವಿಷಯವನ್ನಂತೂ ಹೇಳುವುದೇ ಇಲ್ಲ. ಆದುದರಿಂದ ಯಕೃತ್ತು ಎಂಬ ಮಾತನ್ನು ಈ ಪುಟಗಳಲ್ಲಿ ಕಂಡು ಕೆಲವು ವಾಚಕರಿಗೆ ಅಚ್ಚರಿಯಾಗಬಹುದು. ಉಪವಾಸದ ದಿನ ನಮ್ಮನ್ನು ಹೊತ್ತು ನಡೆಸುವ ಅವಯವ ಅದೇ ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಈ ಲೇಖನಕ್ಕೆ ಕಾರಣವಾದ ಪ್ರಸಂಗವನ್ನು ತಿಳಿಸಬೇಕು.

ಹೋದ ವರ್ಷ ದಶಲಕ್ಷಣ ಪರ್ವದ ಕೊನೆಯ ದಿನ, ಅನಂತ ಚತುರ್ದಶಿಯಂದು, ಇಳಕಲ್ಲಿನ ನಮ್ಮ ಮನೆಗೆ ಅಣ್ಣನ ಮಗಳು ಬಂದಿದ್ದಳು. ಆಕೆ ದೂರದ ನಗರವೊಂದರಲ್ಲಿ ಔಷಧಶಾಸ್ತ್ರದ ಉನ್ನತ ವ್ಯಾಸಂಗ ಮಾಡುತ್ತಿರುವವಳು. ಯಕೃತ್ತಿನ ರೋಗಗಳ ಸಂಶೋಧನೆ ಆಕೆಯ ವಿಷಯ. ಬಾಲ್ಯದಿಂದಲೂ ಈ ಒಂದು ದಿನದ ಉಪವಾಸವನ್ನು ಆಕೆ ಬಿಟ್ಟವಳಲ್ಲ. ಬಸದಿಯಿಂದ ಹಿಂತಿರುಗಿ ಪಡಸಾಲೆಯಲ್ಲಿ ಕುಳಿತಿದ್ದಾಗ, ಬಹಳ ಹೊತ್ತು ಸುಮ್ಮನಿದ್ದವಳು ನಮ್ಮ ಮನೆಮಾತಿನಲ್ಲಿಯೇ ಕೇಳಿದಳು: "ಕಾಕಾ, ನಾ ಇವತ್ತ ಉಪವಾಸ ಇದ್ದೀನಿ ಖರೆ. ಹೋದ ವಾರ ನಮ್ಮ ಪ್ರಯೋಗಶಾಲೆಯೊಳಗ ಇಲಿಗಳಿಗೂ ರಾತ್ರಿ ಆಹಾರ ಹಾಕಲಿಲ್ಲ. ಅವು ಯಾರ ಮುಂದ ಸಂಕಲ್ಪ ಮಾಡಿದ್ವು?"

ನಾನು ಆ ಹೊತ್ತಿಗೆ ಉತ್ತರ ಕೊಡಲಿಲ್ಲ. ನನ್ನಲ್ಲಿ ಉತ್ತರ ಇರಲಿಲ್ಲ ಎಂಬುದೇ ನಿಜವಾದ ಕಾರಣ.

ಆಕೆ ಹೇಳಿದ ಪ್ರಯೋಗವೇನೂ ಅಪರೂಪದ್ದಲ್ಲ. ನಮ್ಮ ದೇಶದಲ್ಲಿ ಔಷಧಶಾಸ್ತ್ರವನ್ನು ಕಲಿಸುವೆಡೆಗಳಲ್ಲಿ ದಶಕಗಳಿಂದ ನಡೆದುಬಂದಿರುವ ಕ್ರಮ ಅದು. ಯಾವುದೋ ಗಿಡದ ಎಲೆಯೋ ಬೇರೋ ಯಕೃತ್ತನ್ನು ಕಾಪಾಡುತ್ತದೆಂಬ ನಂಬಿಕೆ ಹಳ್ಳಿಯಲ್ಲಿ ಇರುತ್ತದೆ. ಅದನ್ನು ಪರೀಕ್ಷಿಸಲು ಬಿಳಿ ಇಲಿಗಳನ್ನು ಆರಾರರಂತೆ ಐದು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಏನನ್ನೂ ಕೊಡುವುದಿಲ್ಲ. ಇನ್ನೊಂದಕ್ಕೆ ವಿಷ ಮಾತ್ರ. ಮತ್ತೊಂದಕ್ಕೆ ವಿಷದೊಡನೆ ಸಿಲಿಮರಿನ್ ಎಂಬ, ಗುಣ ಮೊದಲೇ ತಿಳಿದಿರುವ ಔಷಧ. ಉಳಿದೆರಡಕ್ಕೆ ವಿಷದೊಡನೆ ಆ ಗಿಡದ ಸಾರ, ಸ್ವಲ್ಪ ಪ್ರಮಾಣದಲ್ಲಿ ಮತ್ತು ಹೆಚ್ಚು ಪ್ರಮಾಣದಲ್ಲಿ. ವಿಷವೆಂದರೆ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ದ್ರವ. ಇಲ್ಲವೆ ಜ್ವರಕ್ಕೆಂದು ನಮ್ಮೆಲ್ಲರ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಬಹು ದೊಡ್ಡ ಪ್ರಮಾಣದಲ್ಲಿ. ಯಕೃತ್ತಿನ ಜೀವಕೋಶಗಳು ಒಡೆದರೆ ಅವುಗಳೊಳಗಿನ ಕಿಣ್ವಗಳು ರಕ್ತಕ್ಕೆ ಸೇರುತ್ತವೆ. ನಮ್ಮ ರಕ್ತಪರೀಕ್ಷೆಯ ಚೀಟಿಯಲ್ಲಿ ಎಸ್.ಜಿ.ಓ.ಟಿ., ಎಸ್.ಜಿ.ಪಿ.ಟಿ. ಎಂದು ಬರೆದಿರುವುದು ಆ ಕಿಣ್ವಗಳ ಹೆಸರೇ. ಇಲಿಯ ರಕ್ತದಲ್ಲಿ ಅವನ್ನು ಅಳೆದು, ಬಳಿಕ ಇಲಿಯನ್ನು ಕೊಂದು, ಯಕೃತ್ತನ್ನು ತೂಗಿ, ತೆಳುವಾಗಿ ಕೊಯ್ದು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಟ್ಟು ಮೂವತ್ತು ಇಲಿಗಳು.

ವಿಷ ಕೊಡುವ ಹಿಂದಿನ ರಾತ್ರಿ ಆಹಾರ ತೆಗೆಯುವುದೇಕೆ? ಹಸಿದ ಯಕೃತ್ತಿನಲ್ಲಿ ಗ್ಲುಟಾಥಯೋನ್ ಎಂಬ ರಕ್ಷಕ ದ್ರವ್ಯ ಕುಗ್ಗಿರುತ್ತದೆ. ಆಗ ಪ್ಯಾರಾಸಿಟಮಾಲಿನಂತಹ ವಿಷ ಚೆನ್ನಾಗಿ ತಗಲುತ್ತದೆ. ಇದು ತಿಳಿದುಬಂದದ್ದೂ ಇಲಿ ಸುಂಡಿಲಿಗಳ ಮೇಲಿನ ಪ್ರಯೋಗಗಳಿಂದಲೇ. ಇಲ್ಲಿ ವಾಚಕರು ಒಂದು ಕ್ಷಣ ನಿಲ್ಲಬೇಕೆಂದು ಕೋರುತ್ತೇನೆ. ಎಂಟು ದಿನ, ಹತ್ತು ದಿನ ಉಪವಾಸ ಮಾಡುವ ನಮ್ಮ ತಾಯಂದಿರು ತಲೆನೋವೆಂದು ಲೆಕ್ಕವಿಲ್ಲದೆ ಆ ಗುಳಿಗೆಯನ್ನು ನುಂಗಬಾರದೆಂದು ವೈದ್ಯರು ಎಚ್ಚರಿಸುವುದು ಈ ತಿಳಿವಳಿಕೆಯ ಬಲದಿಂದ. ಸಂಕಲ್ಪವಿಲ್ಲದೆ ಹಸಿದ ಪ್ರಾಣಿಯಿಂದ ಸಂಕಲ್ಪಪೂರ್ವಕವಾಗಿ ಹಸಿದವರಿಗೆ ರಕ್ಷಣೆ ದೊರೆತಿದೆ. ಈ ಋಣವನ್ನು ಯಾವ ಪುಸ್ತಕದಲ್ಲಿ ಬರೆಯೋಣ?

ಉಪವಾಸದ ದಿನ ಒಳಗೆ ನಡೆಯುವುದೇನೆಂಬುದನ್ನು ಈಗ ನೋಡೋಣ. ಪ್ರಾಯದ ಮನುಷ್ಯನ ಯಕೃತ್ತು ಸುಮಾರು ಒಂದೂವರೆ ಕಿಲೋಗ್ರಾಂ ತೂಗುತ್ತದೆ. ಉಂಡ ಅನ್ನದ ಸಕ್ಕರೆಯನ್ನು ಅದು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಹೊಟ್ಟೆತುಂಬ ಉಂಡವನಲ್ಲಿ ಅದು ಸುಮಾರು 100 ಗ್ರಾಂ. ಚೌವಿಹಾರ ತೆಗೆದುಕೊಂಡು ಮಲಗಿದಾಗಿನಿಂದ ಈ ಉಗ್ರಾಣದ ಬಾಗಿಲು ತೆರೆಯುತ್ತದೆ. ಒಂದು ಹಗಲು ಒಂದು ರಾತ್ರಿಯಲ್ಲಿ ಅದು ಬಹುಮಟ್ಟಿಗೆ ಬರಿದಾಗುತ್ತದೆ. ಆಮೇಲೆ ಯಕೃತ್ತು ಸ್ನಾಯುಗಳಿಂದ ಬಂದ ಅಮೈನೋ ಆಮ್ಲಗಳಿಂದಲೂ ಕೊಬ್ಬಿನ ಗ್ಲಿಸರಾಲಿನಿಂದಲೂ ಹೊಸ ಸಕ್ಕರೆಯನ್ನು ತಾನೇ ಮಾಡುತ್ತದೆ. ಕೊಬ್ಬಿನಿಂದ ಕೀಟೋನುಗಳೆಂಬ ಬೇರೊಂದು ಇಂಧನವನ್ನು ಮಾಡಿ ಮಿದುಳಿಗೆ ಕಳುಹಿಸುತ್ತದೆ. ಮೂರನೆಯ ದಿನ ಹಸಿವು ಇಳಿದು ಮನಸ್ಸು ಹಗುರಾಯಿತೆಂದು ದೀರ್ಘ ಉಪವಾಸಿಗಳು ಹೇಳುವ ಅನುಭವವಿದೆಯಲ್ಲ, ಅದರ ದೇಹಪಕ್ಷ ಬಹುಶಃ ಇದು. ಆತ್ಮಪಕ್ಷವನ್ನು ಹೇಳಲು ನಾನು ಅಧಿಕಾರಿಯಲ್ಲ.

ಇಷ್ಟು ತಿಳಿವಳಿಕೆ ನಮಗೆ ಪುಕ್ಕಟೆಯಾಗಿ ಬಂದದ್ದಲ್ಲ. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1855ರಲ್ಲಿ ನಾಯಿಯ ಯಕೃತ್ತನ್ನು ಹೊರತೆಗೆದು, ಸಕ್ಕರೆ ಉಳಿಯದಂತೆ ಅದರೊಳಗೆ ನೀರು ಹರಿಸಿ ತೊಳೆದಿಟ್ಟನು. ಮರುದಿನ ನೋಡಿದರೆ ಅದರಲ್ಲಿ ಮತ್ತೆ ಸಕ್ಕರೆ ಹುಟ್ಟಿತ್ತು. 1857ರಲ್ಲಿ ಅವನು ಗ್ಲೈಕೋಜನನ್ನು ಬೇರ್ಪಡಿಸಿದನು. ಅದಕ್ಕಾಗಿ ಅವನು ಕೊಯ್ದ ನಾಯಿಗಳು ಅನೇಕ. ಅವನ ಮಡದಿಯೂ ಹೆಣ್ಣುಮಕ್ಕಳೂ ಇದನ್ನು ಸಹಿಸಲಾರದೆ ಅವನನ್ನು ವಿರೋಧಿಸಿದರು. ಕೊನೆಗೆ ಮಡದಿ ಬೇರಾದಳು. ವಿಜ್ಞಾನದ ಇತಿಹಾಸದಲ್ಲಿ ಬರ್ನಾರ್ಡನ ಹೆಸರು ದೊಡ್ಡದು. ಆ ಹೆಂಗಸಿನ ಹೆಸರನ್ನು ಯಾರೂ ಎತ್ತುವುದಿಲ್ಲ. ಅವಳು ಮರಿ ಮಾರ್ತಾಂ ಎಂಬಾಕೆ. ನಮ್ಮಂತಹವರಾದರೂ ನೆನೆಯಬೇಕು.

ಬೆಲ್ಜಿಯಮಿನ ಕ್ರಿಶ್ಚಿಯನ್ ಡಿ ಡ್ಯೂವ್ 1955ರಲ್ಲಿ ಇಲಿಯ ಯಕೃತ್ತಿನ ಜೀವಕೋಶಗಳೊಳಗೆ ಲೈಸೋಸೋಮ್ ಎಂಬ ಸಣ್ಣ ಚೀಲಗಳನ್ನು ಕಂಡುಹಿಡಿದನು. ಜೀವಕೋಶ ತನ್ನ ಹಳೆಯ, ಕೆಟ್ಟ ಭಾಗಗಳನ್ನು ಈ ಚೀಲಗಳಿಗೆ ಹಾಕಿ ಕರಗಿಸಿಕೊಳ್ಳುವ ಕ್ರಿಯೆಗೆ 1963ರಲ್ಲಿ ಅವನೇ ಆಟೋಫಗಿ, ಎಂದರೆ ಸ್ವಭಕ್ಷಣೆ, ಎಂದು ಹೆಸರಿಟ್ಟನು. ಹಸಿವಿನಲ್ಲಿ ಈ ಕ್ರಿಯೆ ಚುರುಕಾಗುತ್ತದೆ. ಜಪಾನಿನ ಯೋಶಿನೋರಿ ಓಸುಮಿ ಇದೇ ಕ್ರಿಯೆಯನ್ನು ಹಸಿದ ಯೀಸ್ಟ್ ಜೀವಕೋಶಗಳಲ್ಲಿ ಬಿಡಿಸಿ ತೋರಿಸಿ 2016ರ ನೊಬೆಲ್ ಪಾರಿತೋಷಕವನ್ನು ಪಡೆದರು. ಕರ್ನಾಟಕವೂ ಈ ವಿದ್ಯೆಯಿಂದ ದೂರವಿಲ್ಲ. ಯಕೃತ್ತು ಔಷಧಗಳನ್ನೂ ವಿಷಗಳನ್ನೂ ಒಡೆಯಲು ಬಳಸುವ ಸೈಟೋಕ್ರೋಮ್ ಪಿ-450 ಎಂಬ ಕಿಣ್ವಗಳನ್ನು ಕುರಿತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್ ಅವರ ಬಳಗ ಇಲಿಯ ಯಕೃತ್ತಿನಲ್ಲಿಯೇ ಬಹುಕಾಲ ಸಂಶೋಧನೆ ನಡೆಸಿತು.

2016ರ ಆ ಪಾರಿತೋಷಕದ ನಂತರ ನಮ್ಮ ಸಭೆಗಳಲ್ಲಿ ಒಂದು ಹೊಸ ವಾಡಿಕೆ ಹುಟ್ಟಿದೆ. ಉಪವಾಸದಿಂದ ಜೀವಕೋಶಗಳು ಶುದ್ಧಿಯಾಗುತ್ತವೆಂದು ನೊಬೆಲ್ ಪಡೆದವರೇ ಹೇಳಿದ್ದಾರೆ, ನಮ್ಮ ಪೂರ್ವಾಚಾರ್ಯರಿಗೆ ಇದು ಮೊದಲೇ ತಿಳಿದಿತ್ತು ಎಂದು ಭಾಷಣ ಮಾಡುವುದು. ಅನ್ಯರನ್ನು ದೂಷಿಸುವುದೇಕೆ, ಹುನಗುಂದದ ಒಂದು ಸಭೆಯಲ್ಲಿ ನಾನೇ ಹಾಗೆ ಹೇಳಿ ಚಪ್ಪಾಳೆ ಪಡೆದಿದ್ದೇನೆ. ಈಗ ಯೋಚಿಸಿದರೆ ಅದರಲ್ಲಿ ಎರಡು ತಪ್ಪುಗಳು ಕಾಣುತ್ತವೆ. ಮೊದಲನೆಯದು, ಯೀಸ್ಟಿನಲ್ಲಿಯೂ ಇಲಿಯಲ್ಲಿಯೂ ಕಂಡದ್ದು ಒಂದು ದಿನ ಉಪವಾಸ ಮಾಡಿದ ಮನುಷ್ಯನ ಯಕೃತ್ತಿನಲ್ಲಿ ಎಷ್ಟರಮಟ್ಟಿಗೆ ನಡೆಯುತ್ತದೆಂದು ಅಳೆಯುವುದು ಸುಲಭವಲ್ಲ; ಅಳೆಯದುದನ್ನು ಅಳೆದಂತೆ ಹೇಳುವುದು ಸತ್ಯಾಣುವ್ರತಕ್ಕೆ ಒಪ್ಪುವುದಿಲ್ಲ. ಎರಡನೆಯದು ಇದಕ್ಕಿಂತ ಭಾರವಾದುದು. ಕೃತ, ಕಾರಿತ, ಅನುಮೋದನ ಎಂದು ಹಿಂಸೆಗೆ ಮೂರು ದ್ವಾರಗಳನ್ನು ಶಾಸ್ತ್ರ ಹೇಳುತ್ತದೆ. ಇಲಿಗಳನ್ನು ಹಸಿವಿಗೆ ಕೆಡವಿ ಪಡೆದ ಸಾಕ್ಷ್ಯವನ್ನು ನಮ್ಮ ಅಹಿಂಸಾವ್ರತದ ಹಿರಿಮೆಗೆ ಪ್ರಮಾಣಪತ್ರವಾಗಿ ಹಿಡಿದು ಹೆಮ್ಮೆಪಡುವುದು ಅನುಮೋದನವಲ್ಲದೆ ಮತ್ತೇನು? ವೈದ್ಯರು ಕೊಟ್ಟ ಔಷಧವನ್ನು ರೋಗಿ ನುಂಗುವುದಕ್ಕಿಂತ ನನ್ನ ಆ ಭಾಷಣವೇ ಆ ದ್ವಾರಕ್ಕೆ ಹತ್ತಿರವಾಗಿತ್ತೆಂದು ನನಗೆ ತೋರುತ್ತದೆ.

ಅಣ್ಣನ ಮಗಳು ಹೊರಟುಹೋದ ಕೆಲವು ದಿನಗಳ ಮೇಲೆ ಕಾರ್ಯನಿಮಿತ್ತ ಬಾದಾಮಿಗೆ ಹೋಗಿದ್ದೆ. ಮೆಟ್ಟಿಲು ಹತ್ತುವ ಶಕ್ತಿ ಇನ್ನೂ ಇರುವುದರಿಂದ ನಾಲ್ಕನೆಯ ಗುಹೆಯವರೆಗೆ ಹೋದೆ. ಚಾಲುಕ್ಯರ ಕಾಲದ ಶಿಲ್ಪಿ ಅಲ್ಲಿ ಕಂಡರಿಸಿದ ಬಾಹುಬಲಿಯನ್ನು ವಾಚಕರಲ್ಲಿ ಅನೇಕರು ನೋಡಿದ್ದಾರೆ. ವರ್ಷವಿಡೀ ಅನ್ನವಿಲ್ಲದೆ ನಿಂತವನ ಕಾಲಿಗೆ ಬಳ್ಳಿ ಹಬ್ಬಿದೆ, ಪಾದದ ಬಳಿ ಹಾವುಗಳಿವೆ. ಎಷ್ಟೋ ಸಲ ನೋಡಿದ್ದ ಆ ಶಿಲ್ಪದಲ್ಲಿ ಅಂದು ನನಗೆ ಕಂಡದ್ದು ಬೇರೆ. ಉಪವಾಸಿಯ ಹತ್ತಿರ ಪ್ರಾಣಿಗೆ ಭಯವಿಲ್ಲ. ಹಸಿದವನು ಅವನು, ನೆಮ್ಮದಿಯಿಂದಿರುವುದು ಅದು. ಪ್ರಯೋಗಶಾಲೆಯ ಪಂಜರದಲ್ಲಿ ಇದು ತಲೆಕೆಳಗಾಗಿದೆ: ಹಸಿದಿರುವುದು ಪ್ರಾಣಿ, ನೆಮ್ಮದಿ ಪಡೆಯುವವರು ನಾವು.

ಶ್ರಾವಕನಿಗೆ ಹೇಳಿದ ದಾನಗಳು ನಾಲ್ಕು: ಆಹಾರ, ಔಷಧ, ಶಾಸ್ತ್ರ, ಅಭಯ. ಇವು ನಾಲ್ಕೂ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳೆಂದು ನಾವು ತಿಳಿದಿದ್ದೇವೆ. ಔಷಧವನ್ನು ಪಡೆಯಲು ಅಭಯವನ್ನು ಕಸಿದುಕೊಳ್ಳಬೇಕಾದರೆ ಆ ದಾರ ಉಳಿಯುವುದೆ? ನನ್ನ ಮಟ್ಟಿಗೆ ಪ್ರಶ್ನೆಯ ಹುರುಳು ಇಲ್ಲಿದೆ.

ಪ್ರಯೋಗಗಳೆಲ್ಲ ವ್ಯರ್ಥವೆಂದು ಹೇಳಿ ಜಾರಿಕೊಳ್ಳುವುದು ಸುಲಭ, ಅದು ಸುಳ್ಳು. ಹೆಪಟೈಟಿಸ್ ಬಿ ಎಂಬ ಯಕೃತ್ತಿನ ಉರಿಯೂತದ ವೈರಸ್ಸನ್ನು ಗುರುತಿಸಲು ದಾರಿಯಾದದ್ದು 1965ರಲ್ಲಿ ಬರೂಕ್ ಬ್ಲಂಬರ್ಗ್ ಕಂಡುಕೊಂಡ ಒಂದು ರಕ್ತದ್ರವ್ಯ. ಈ ರೋಗ ಹಳೆಯದಾದರೆ ಯಕೃತ್ತು ಗಂಟುಗಟ್ಟಿ ಕಡೆಗೆ ಕ್ಯಾನ್ಸರಿಗೂ ತಿರುಗುತ್ತದೆ. 1981ರಲ್ಲಿ ಬಳಕೆಗೆ ಬಂದ ಮೊದಲ ಲಸಿಕೆಯನ್ನು ಮನುಷ್ಯರಿಗೆ ಕೊಡುವ ಮುನ್ನ ಚಿಂಪಾಂಜಿಗಳ ಮೇಲೆ ಪರೀಕ್ಷಿಸಿದ್ದರು. 1986ರಿಂದ ಅದನ್ನು ಯೀಸ್ಟಿನಲ್ಲಿ ತಯಾರಿಸತೊಡಗಿದರು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಭಾರತದಲ್ಲಿಯೇ ಅದನ್ನು ತಯಾರಿಸಿ ಬೆಲೆಯನ್ನು ಬಡವರಿಗೆ ನಿಲುಕುವಂತೆ ಇಳಿಸಿತು. ಇಂದು ಸರಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ ಇಪ್ಪತ್ತನಾಲ್ಕು ಗಂಟೆಯೊಳಗೆ ಈ ಲಸಿಕೆ ಹಾಕುವುದು ನಿಯಮ. ಆ ಸೂಜಿಯನ್ನು ಬೇಡವೆನ್ನುವ ಶ್ರಾವಕನನ್ನು ನಾನು ಕಂಡಿಲ್ಲ. ಕಂಡರೆ ಬೇಡವೆನ್ನಬೇಡವೆಂದೇ ಹೇಳುತ್ತೇನೆ. ತಂದೆ ತನ್ನ ಯಕೃತ್ತಿನ ಒಂದು ಭಾಗವನ್ನು ಮಗುವಿಗೆ ಕೊಟ್ಟು ಇಬ್ಬರೂ ಬದುಕುವುದು ಈಗ ಸಾಧ್ಯವಾಗಿದೆ. ಕತ್ತರಿಸಿದ ಯಕೃತ್ತು ಮತ್ತೆ ಬೆಳೆಯುವ ಬಗೆಯನ್ನು ವಿವರವಾಗಿ ತಿಳಿಯಲು ಬಳಸಿದ್ದು 1931ರಲ್ಲಿ ಅಮೆರಿಕದ ಹಿಗ್ಗಿನ್ಸ್, ಆಂಡರ್ಸನ್ ಎಂಬಿಬ್ಬರು ರೂಢಿಸಿದ ಕ್ರಮ: ಇಲಿಯ ಯಕೃತ್ತಿನ ಮೂರನೆಯ ಎರಡು ಪಾಲನ್ನು ತೆಗೆದು ಕಾಯುವುದು.

ಆದಕಾರಣ ಲಾಭವಿಲ್ಲವೆಂಬ ವಾದ ನಿಲ್ಲದು. ಲಾಭವಿದೆ, ಇದ್ದೂ ಹಿಂಸೆ ಹಿಂಸೆಯೇ. ನಮ್ಮ ಪಂಡಿತರಲ್ಲಿ ಕೆಲವರು ಇದನ್ನು ಉದ್ಯೋಗೀ ಹಿಂಸೆಯೆಂದು ವರ್ಗೀಕರಿಸಿ ಗೃಹಸ್ಥನಿಗೆ ಕ್ಷಮ್ಯವೆನ್ನುತ್ತಾರೆ. ನನಗೆ ಒಪ್ಪಿಗೆಯಾಗುವುದಿಲ್ಲ. ಹುನಗುಂದದ ಎರೆಹೊಲದಲ್ಲಿ ರೈತ ಕುಂಟೆ ಹೊಡೆಯುವಾಗ ಹುಳು ಸಾಯುತ್ತದೆ. ಅದು ಸಾಯಲೆಂದು ಅವನು ಹೊಡೆಯುವುದಿಲ್ಲ, ಅದು ಪಕ್ಕಕ್ಕೆ ಸರಿದರೆ ಅವನಿಗೆ ಸಂತೋಷವೇ. ಪ್ರಯೋಗದ ಯೋಜನೆಯಲ್ಲಾದರೋ ಎಷ್ಟು ಇಲಿಗಳು, ಯಾವ ದಿನ, ಯಾವ ವಿಧಾನದಿಂದ ಎಂಬುದನ್ನು ಮೊದಲೇ ಬರೆದಿರುತ್ತಾರೆ. ಬರೆದು ಕೊಲ್ಲುವುದು ಸಂಕಲ್ಪೀ ಹಿಂಸೆಯ ಗಡಿಯೊಳಗೇ ಬರುತ್ತದೆ. ಹಾಗೆಂದು ಸಂಶೋಧಕರು ಕ್ರೂರರೆಂದಲ್ಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಭಾವವನ್ನನುಸರಿಸಿ ಹಿಂಸೆಯ ಫಲ ಹೇಗೆ ಹೆಚ್ಚುಕಡಮೆಯಾಗುತ್ತದೆ, ಒಬ್ಬನು ಮಾಡಿದ್ದರ ಫಲ ಹಲವರಿಗೆ ಹೇಗೆ ತಟ್ಟುತ್ತದೆ ಎಂಬುದನ್ನು ಬಹು ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ಕಾಮಾಲೆಯಿಂದ ಸಾಯುವ ಮಗುವನ್ನು ಉಳಿಸಬೇಕೆಂಬ ಭಾವದಿಂದ ಕೈಯೆತ್ತಿದವನೂ ಪದವಿಯ ಪ್ರಬಂಧಕ್ಕೆ ಒಂದು ಕೋಷ್ಟಕ ಬೇಕೆಂದು ಕೈಯೆತ್ತಿದವನೂ ಒಂದೇ ತಕ್ಕಡಿಯಲ್ಲಿ ತೂಗುವವರಲ್ಲ.

ಎರಡನೆಯ ಬಗೆಯದೇ ಹೆಚ್ಚು ಎಂಬುದು ನನ್ನ ಕಳವಳ. ನಮ್ಮ ಕಡೆ ಕಾಮಣಿಯೆಂದರೆ ಕಿರುನೆಲ್ಲಿ ಎನ್ನುವುದು ಅಜ್ಜಿಯರಿಗೂ ತಿಳಿದ ಮಾತು. 1988ರಲ್ಲಿ ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ಅದನ್ನು ಹೆಪಟೈಟಿಸ್ ಬಿ ವೈರಸ್ಸನ್ನು ಹೊತ್ತಿದ್ದ ಮನುಷ್ಯರಿಗೇ ಕೊಟ್ಟು ನೋಡಿದರು. 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮರೆಯಾಯಿತೆಂದು ಪ್ರಕಟಿಸಿದಾಗ ಜಗತ್ತು ಬೆರಗಾಯಿತು. ಮುಂದೆ ಬೇರೆಡೆ ಮಾಡಿದ ಪರೀಕ್ಷೆಗಳಲ್ಲಿ ಅಂತಹ ಫಲ ಕಾಣಲಿಲ್ಲ. ನಿಜವನ್ನು ಹೇಳಿದ್ದು ಮನುಷ್ಯರ ಮೇಲಿನ ಪರೀಕ್ಷೆ. ಆದರೂ ಆ ಗಿಡವನ್ನೂ ಅದರಂತಹ ನೂರಾರು ಗಿಡಗಳನ್ನೂ ಆರಾರು ಇಲಿಗಳ ಗುಂಪಿಗೆ ಕುಡಿಸಿ, ಅದೇ ಸಿಲಿಮರಿನ್ನಿನೊಡನೆ ಹೋಲಿಸಿ ಬರೆದ ಪ್ರಬಂಧಗಳು ಇಂದಿಗೂ ಬರುತ್ತಲೇ ಇವೆ. ಒಮ್ಮೆ ತಿಳಿದುದನ್ನು ಮತ್ತೆ ತಿಳಿಯಲು ಪ್ರಾಣ ತೆಗೆಯುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಒಂದು ಹೆಸರಿದೆ: ಪ್ರಮಾದ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕಿಂತ ಮೊದಲು ಇಟ್ಟದ್ದು ಆ ಪ್ರಮಾದವನ್ನೇ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಎತ್ತಿದ ದನಿಯ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಅಧಿನಿಯಮ ಬಂದಿತು. ತಪ್ಪಿಸಲು ಸಾಧ್ಯವಿರುವಲ್ಲೆಲ್ಲ ಪ್ರಾಣಿಪ್ರಯೋಗವನ್ನು ತಪ್ಪಿಸಬೇಕೆಂದು ಅದು ಹೇಳುತ್ತದೆ. ದೊಡ್ಡ ಪ್ರಾಣಿಗಳ ಬದಲು ಸಾಧ್ಯವಾದರೆ ಮೊಲ, ಕಪ್ಪೆ, ಇಲಿಗಳಂತಹ ಸಣ್ಣವನ್ನು ಬಳಸಬೇಕೆಂದೂ ಹೇಳುತ್ತದೆ. ಇಲ್ಲಿ ಸರಕಾರದ ಅಳತೆಗೋಲಿಗೂ ನಮ್ಮದಕ್ಕೂ ಭೇದವಿದೆ. ಕಾನೂನು ಗಾತ್ರವನ್ನು ನೋಡುತ್ತದೆ, ನಾವು ಇಂದ್ರಿಯಗಳನ್ನು ಎಣಿಸುತ್ತೇವೆ. ಎಣಿಸಿದರೆ ನಾಯಿಗೂ ಐದು, ಇಲಿಗೂ ಐದು. ಡಿ ಡ್ಯೂವನ ಇಲಿಯಿಂದ ಓಸುಮಿಯವರ ಯೀಸ್ಟಿಗೆ ಇಳಿದ ಹೆಜ್ಜೆ ನಮ್ಮ ಲೆಕ್ಕದಲ್ಲಿ ನಿಜವಾಗಿಯೂ ದೊಡ್ಡದು. ಅದು ಪಂಚೇಂದ್ರಿಯದಿಂದ ಏಕೇಂದ್ರಿಯವೆನ್ನಬಹುದಾದ ಜೀವಕ್ಕೆ ಇಳಿದದ್ದು.

ಇನ್ನು ಪ್ರಾಣಿಯ ಬದಲು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಯಕೃತ್ತಿನ ಜೀವಕೋಶಗಳನ್ನು ಬಳಸುವ ಮಾರ್ಗ. 1969ರಲ್ಲಿ ಬೆರಿ, ಫ್ರೆಂಡ್ ಎಂಬ ವಿಜ್ಞಾನಿಗಳು ಅರಿವಳಿಕೆ ಕೊಟ್ಟ ಇಲಿಯ ಯಕೃತ್ತಿನೊಳಗೆ ಕಿಣ್ವದ ದ್ರವವನ್ನು ಹರಿಸಿ ಜೀವಕೋಶಗಳನ್ನು ಬಿಡಿಬಿಡಿಯಾಗಿ ಪಡೆಯುವ ವಿಧಾನವನ್ನು ಪ್ರಕಟಿಸಿದರು. ಇದರಿಂದ ಒಂದು ಇಲಿಯಲ್ಲಿ ಹಲವು ಪರೀಕ್ಷೆ ಸಾಧ್ಯವಾಯಿತು. ಆದರೆ ಆ ಜೀವಕೋಶಗಳು ಕೆಲವೇ ದಿನಗಳಲ್ಲಿ ತಮ್ಮ ಗುಣ ಕಳೆದುಕೊಳ್ಳುತ್ತವೆ. ಮತ್ತೆ ಹೊಸ ಇಲಿ ಬೇಕು. ಮನುಷ್ಯರ ಯಕೃತ್ತಿನ ಗಡ್ಡೆಗಳಿಂದ ಪಡೆದ ಜೀವಕೋಶಗಳ ವಂಶಗಳು ಮಾತ್ರ ಸಾಯದೆ ಬೆಳೆಯುತ್ತಲೇ ಇರುತ್ತವೆ. ಹೆಪ್-ಜಿ2 ಎಂಬ ವಂಶ ಅರ್ಜೆಂಟೀನಾದ ಹದಿನೈದು ವರ್ಷದ ಹುಡುಗನೊಬ್ಬನ ಗಡ್ಡೆಯಿಂದ 1970ರ ದಶಕದಲ್ಲಿ ಬಂದದ್ದು. ಹುಹ್-7 ಎಂಬುದು 1982ರಲ್ಲಿ ಜಪಾನಿನ ಒಬ್ಬ ರೋಗಿಯಿಂದ. 1999ರಲ್ಲಿ ಜರ್ಮನಿಯ ಲೋಮನ್, ಬಾರ್ಟೆನ್‌ಶ್ಲಾಗರ್ ಮೊದಲಾದವರು ಹೆಪಟೈಟಿಸ್ ಸಿ ವೈರಸ್ಸಿನ ಅನುವಂಶ ದ್ರವ್ಯವು ಹುಹ್-7 ಜೀವಕೋಶಗಳಲ್ಲಿ ತಾನಾಗಿ ಹೆಚ್ಚುವಂತೆ ಮಾಡಿದ ಮೇಲೆ, ಆ ರೋಗವನ್ನು ಮೂರು ತಿಂಗಳಲ್ಲಿ ಗುಣಪಡಿಸುವ ಇಂದಿನ ಗುಳಿಗೆಗಳಿಗೆ ದಾರಿ ತೆರೆಯಿತು.

ಇದನ್ನು ಓದುವಾಗ ನನಗೆ ಜನ್ನನ ಯಶೋಧರ ಚರಿತೆ ನೆನಪಾಗದಿರಲಿಲ್ಲ. 1209ರಲ್ಲಿ ರಚಿತವಾದ ಆ ಕಾವ್ಯದ ಕಥೆ ವಾಚಕರಿಗೆಲ್ಲ ತಿಳಿದದ್ದು. ತಾಯಿ ಚಂದ್ರಮತಿ ಬಲಿ ಕೊಡೆಂದಳು. ಕೊಲ್ಲಲೊಲ್ಲದ ಯಶೋಧರ ಹಿಟ್ಟಿನ ಕೋಳಿಗೆ ಒಪ್ಪಿದನು. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗಿತು. ಹಿಟ್ಟೇ ಆದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ತಾಯಿಮಗ ನವಿಲು ನಾಯಿಗಳಾಗಿ, ಮೀನು ಮೊಸಳೆಗಳಾಗಿ, ಕೊನೆಗೆ ನಿಜವಾದ ಕೋಳಿಗಳಾಗಿ ಹುಟ್ಟಿ ಸತ್ತರು. ಗಾಜಿನ ತಟ್ಟೆ ನಮ್ಮ ಕಾಲದ ಹಿಟ್ಟಿನ ಕೋಳಿಯಲ್ಲವೆ ಎಂದು ಅಣ್ಣನ ಮಗಳಿಗೆ ಕಾಗದ ಬರೆದೆ. ಇಲ್ಲಿ ಸಂಕಲ್ಪ ತಿರುಗಿದೆ, ಇದು ಉಳಿಸಬೇಕೆಂದು ಮಾಡಿದ ಹಿಟ್ಟು, ಆದುದರಿಂದ ದೋಷವಿಲ್ಲವೆಂದೂ ಬರೆದೆ. ಆಕೆಯ ಉತ್ತರ ಚಿಕ್ಕದಾಗಿತ್ತು. ತಟ್ಟೆಯಲ್ಲಿನ ಜೀವಕೋಶಗಳಿಗೆ ಏನು ಉಣಿಸುತ್ತಾರೆಂದು ಕಾಕಾ ವಿಚಾರಿಸಿದ್ದಾರೆಯೇ ಎಂದು ಕೇಳಿದ್ದಳು.

ವಿಚಾರಿಸಿದೆ. ಜೀವಕೋಶಗಳು ಬೆಳೆಯಲು ಹಾಕುವ ದ್ರವದಲ್ಲಿ ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲು ಕರುವಿನ ರಕ್ತದ ತಿಳಿ ಇರುತ್ತದೆ. ಕರುವೆಂದರೆ ಹುಟ್ಟಿದ ಕರುವಲ್ಲ. ಕಸಾಯಿಖಾನೆಯಲ್ಲಿ ಕೊಂದ ಗಬ್ಬದ ಹಸುವಿನ ಹೊಟ್ಟೆಯೊಳಗಿನದು. ಜೀವಕೋಶಗಳನ್ನು ಮೂರು ಆಯಾಮಗಳಲ್ಲಿ ಬೆಳೆಸಲು ಬಳಸುವ ಮ್ಯಾಟ್ರಿಜೆಲ್ ಎಂಬ ಅಂಟು ಸುಂಡಿಲಿಯ ಗಡ್ಡೆಯಿಂದ ತೆಗೆದದ್ದು. ಹಿಟ್ಟಿನ ಕೋಳಿ ಕೂಗಿತು. ಅಹಿಂಸೆಯ ಮಾರ್ಗವೆಂದು ನಾನು ಹೊಗಳಿದ ತಟ್ಟೆಯಲ್ಲಿ ಗೋವಿನ ಗರ್ಭದ ರಕ್ತವಿತ್ತೆಂದು ತಿಳಿದ ದಿನ ಊಟ ಸೇರಲಿಲ್ಲ.

ಆದರೂ ಎರಡು ಕೋಳಿಗಳಿಗೂ ಅಂತರವಿದೆ. ರಕ್ತದ ತಿಳಿಯಿಲ್ಲದ ದ್ರವಗಳು ಈಗ ಸಿದ್ಧವಾಗಿವೆ. ರಕ್ತದಾನಿಗಳ ರಕ್ತಕಣಗಳಿಂದ ಮಾಡಿದ ಸಾರವೂ ಇದೆ. ಬೆಲೆ ಹೆಚ್ಚು, ಎಲ್ಲ ಜೀವಕೋಶಗಳಿಗೂ ಒಗ್ಗುವುದಿಲ್ಲ, ಆದರೂ ಇವೆ. ಬೆಂಗಳೂರಿನ ಪ್ಯಾಂಡೋರಮ್ ಟೆಕ್ನಾಲಜೀಸ್ ಎಂಬ ಸಂಸ್ಥೆ ಮನುಷ್ಯರ ಜೀವಕೋಶಗಳನ್ನು ಯಂತ್ರದಿಂದ ಮುದ್ರಿಸಿ ಯಕೃತ್ತಿನ ಅಂಗಾಂಶವನ್ನು ರಚಿಸಿರುವುದಾಗಿ 2015ರಲ್ಲಿ ಪ್ರಕಟಿಸಿತು. ಹೊಸ ಔಷಧದ ವಿಷಗುಣವನ್ನು ಪ್ರಾಣಿಯ ಬದಲು ಇಂತಹುದರ ಮೇಲೆ ನೋಡಬಹುದೆಂಬುದು ಅದರ ಉದ್ದೇಶಗಳಲ್ಲೊಂದು. 2023ರಲ್ಲಿ ಭಾರತ ಸರಕಾರ ಹೊಸ ಔಷಧಗಳ ನಿಯಮಗಳನ್ನು ತಿದ್ದಿ, ಪ್ರಾಣಿಪರೀಕ್ಷೆಯ ಬದಲು ಇಂತಹ ವಿಧಾನಗಳನ್ನೂ ಮಾನ್ಯ ಮಾಡಬಹುದೆಂದು ಹೇಳಿತು. ಇವು ಸಣ್ಣ ಬಾಗಿಲುಗಳು; ತೆರೆದಿವೆ.

ಈಗ ಅವಳ ಮೊದಲ ಪ್ರಶ್ನೆಗೆ ಬರುತ್ತೇನೆ. ಅವು ಯಾರ ಮುಂದೆ ಸಂಕಲ್ಪ ಮಾಡಿದವು? ಯಾರ ಮುಂದೆಯೂ ಇಲ್ಲ, ಮಾಡಲಾರವು. ಸಂಕಲ್ಪ ಮಾಡಬಲ್ಲವನು ಮನುಷ್ಯ. ಹಾಗಾದರೆ ಹಸಿವಿನ ಪ್ರಯೋಗಕ್ಕೆ ಮೊದಲು ಮುಂದೆ ಬರಬೇಕಾದವನೂ ಅವನೇ ಅಲ್ಲವೆ? ಇದು ಬರಿಯ ಮಾತಲ್ಲ. ದೀರ್ಘ ಹಸಿವಿನಲ್ಲಿ ಮಿದುಳು ಕೀಟೋನುಗಳಿಂದ ಬದುಕುತ್ತದೆಂದು 1967ರಲ್ಲಿ ಬಾಸ್ಟನ್ನಿನಲ್ಲಿ ಜಾರ್ಜ್ ಕಾಹಿಲ್ ಮತ್ತು ಸಂಗಡಿಗರು ಕಂಡುಕೊಂಡದ್ದು ವಾರಗಟ್ಟಲೆ ಅನ್ನಬಿಟ್ಟ ಸ್ಥೂಲದೇಹದ ರೋಗಿಗಳಲ್ಲಿ, ಇಲಿಗಳಲ್ಲಲ್ಲ. ವರ್ಷವರ್ಷವೂ ಸಂಕಲ್ಪಪೂರ್ವಕವಾಗಿ ಉಪವಾಸ ಮಾಡುವ ಸಾವಿರಾರು ಜನರ ಸಮಾಜ ನಮ್ಮದು. ಉಪವಾಸಕ್ಕೆ ಮುನ್ನ ಒಮ್ಮೆ, ಪಾರಣೆಯ ಮುನ್ನ ಒಮ್ಮೆ ಒಂದಿಷ್ಟು ರಕ್ತವನ್ನು ಪ್ರಾಮಾಣಿಕ ಸಂಶೋಧಕರಿಗೆ ಕೊಡಲು ನಾವು ಒಪ್ಪಿದರೆ, ಪಂಜರದಲ್ಲಿ ಹಸಿಯಬೇಕಾದ ಕೆಲವು ಜೀವಗಳು ಉಂಡು ಮಲಗಿಯಾವು. ವ್ರತದ ದಿನ ಸೂಜಿ ಚುಚ್ಚಿಸಿಕೊಳ್ಳುವುದು ಮೈಲಿಗೆಯೆಂಬ ಆಕ್ಷೇಪ ಬರುತ್ತದೆಂದು ಬಲ್ಲೆ. ಮುನಿಗಳಲ್ಲಿ ಕೇಳಿ ತೀರ್ಮಾನಿಸಬೇಕಾದ ವಿಷಯ ಅದು.

ಇನ್ನೊಂದು ಮಾತು. ದಾನವಾಗಿ ಬಂದ ಯಕೃತ್ತು ಕಸಿಗೆ ಯೋಗ್ಯವಲ್ಲದಿದ್ದರೆ, ಒಪ್ಪಿಗೆಯಿದ್ದಲ್ಲಿ, ಅದರ ಜೀವಕೋಶಗಳನ್ನು ಸಂಶೋಧನೆಗೆ ಬಳಸುವ ಪದ್ಧತಿ ಜಗತ್ತಿನಲ್ಲಿದೆ. ಕರ್ನಾಟಕದಲ್ಲಿ ಅಂಗದಾನವನ್ನು ನೋಡಿಕೊಳ್ಳುವ ಸರಕಾರಿ ವ್ಯವಸ್ಥೆಗೆ ಜೀವಸಾರ್ಥಕತೆ ಎಂದು ಹೆಸರು. ದೇಹವೂ ಪರಿಗ್ರಹವೆಂದು ದಿನವೂ ಸ್ವಾಧ್ಯಾಯದಲ್ಲಿ ಹೇಳುವ ನಾವು ಆ ಪರಿಗ್ರಹದ ಹಂಚಿಕೆಯ ಪತ್ರಕ್ಕೆ ರುಜು ಹಾಕಲು ಹಿಂಜರಿಯುವುದು ವಿಚಿತ್ರ. ನಾನು ಎಪ್ಪತ್ತರ ನಂತರ ಹಾಕಿದ್ದೇನೆ; ತಡವಾಯಿತು.

ಈ ಮಾತು ದೂರದ್ದೆಂದು ಯಾರೂ ತಿಳಿಯಬಾರದು. ಬಾಗಲಕೋಟೆಯಲ್ಲಿಯೇ ವೈದ್ಯಕೀಯ ಮತ್ತು ಔಷಧಶಾಸ್ತ್ರದ ಕಾಲೇಜುಗಳಿವೆ. ಸೀರೆಯ ವ್ಯಾಪಾರ, ಒಕ್ಕಲುತನಗಳಲ್ಲಿದ್ದ ನಮ್ಮ ಮನೆತನಗಳ ಮಕ್ಕಳು ಇಂದು ಇಂತಹ ವಿದ್ಯೆಗಳಿಗೆ ಹೋಗುತ್ತಿದ್ದಾರೆ. ಹೋಗಬೇಡಿರೆಂದು ನಾನು ಹೇಳಲಾರೆ. ಅಹಿಂಸೆಯ ಪ್ರಶ್ನೆಯನ್ನು ಕೇಳುವವರು ಆ ಕೊಠಡಿಯೊಳಗೆ ಇಲ್ಲದಿದ್ದರೆ ಅದನ್ನು ಕೇಳುವವರು ಯಾರು? ಪ್ರಯೋಗಕ್ಕೆ ಅನುಮತಿ ಕೇಳುವ ನಮೂನೆಯಲ್ಲಿ ಪ್ರಾಣಿ ಏಕೆ ಬೇಕು, ಇಷ್ಟೇ ಸಂಖ್ಯೆ ಏಕೆ ಎಂಬ ಪ್ರಶ್ನೆಗಳಿರುತ್ತವಂತೆ. ಹಿಂದಿನ ವರ್ಷದವರ ಉತ್ತರವನ್ನು ನಕಲು ಮಾಡಿ ತುಂಬುವ ಪದ್ಧತಿಯೂ ಇರುತ್ತದಂತೆ. ನಕಲು ಮಾಡಬೇಡ, ನೀನೇ ಲೆಕ್ಕ ಹಾಕಿ ಬರೆ ಎಂದಷ್ಟೇ ಅವಳಿಗೆ ಹೇಳಿದೆ. ಪ್ರಾಯಶ್ಚಿತ್ತವನ್ನು ಕೇಳಿದಳು; ಅದನ್ನು ಕೊಡುವ ಅಧಿಕಾರ ನನಗಿಲ್ಲ, ಗುರುಗಳಲ್ಲಿ ಬಿನ್ನವಿಸಿಕೋ ಎಂದೆ.

ಈ ವರ್ಷವೂ ಅನಂತ ಚತುರ್ದಶಿಗೆ ಬಂದಿದ್ದಳು. ಮರುದಿನ ಪಾರಣೆಗೆ ಕುಳಿತು ಹೆಸರುಬೇಳೆಯ ಕಟ್ಟನ್ನು ಕುಡಿಯುತ್ತ ಹೇಳಿದಳು: "ಮೂವತ್ತು ಇದ್ದವು, ಹದಿನೆಂಟ ಆಗ್ಯಾವ ಕಾಕಾ. ಉಳಿದದ್ದೆಲ್ಲಾ ತಟ್ಟೆಯೊಳಗ ಮಾಡತೀನಿ."

"ತಟ್ಟೆಗೆ ಏನು ಉಣಿಸುತ್ತೀ, ತಂಗೀ?" ಎಂದೆ.

"ಈ ವರ್ಷ ಕರುವಿನದ. ಬ್ಯಾರೇದಕ್ಕ ರೊಕ್ಕ ಕೇಳೇನಿ, ಇನ್ನೂ ಬಂದಿಲ್ಲ" ಎಂದು ಲೋಟವನ್ನು ಕೆಳಗಿಟ್ಟಳು.